ಸ್ವಲ್ಪ ಓಡಾಡಿ ಬನ್ನಿ

ಫೆಬ್ರವರಿ 9, ಸೋಮವಾರ

ಇವತ್ತು ನಾನು ಮಾಡಿದ ಕೆಲಸವನ್ನು ಯಾರ ಮುಂದೆಯೂ ಹೇಳಿಕೊಳ್ಳುವಂತಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅನ್ನ ಇಳಿಯುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಸ್ಕ್ಯಾನಿಂಗ್ ಕೋಣೆಯಲ್ಲಿ ನಮಗಿರುವ ಕಟ್ಟಳೆ ಎರಡು. ನಮ್ಮ ಮನೆಯವರನ್ನು ನಾವು ಸ್ಕ್ಯಾನ್ ಮಾಡಬಾರದು. ಕಂಡದ್ದನ್ನು ನಾವು ಹೇಳಬಾರದು, ಡಾಕ್ಟರು ಹೇಳಬೇಕು. ಹದಿನೆಂಟು ವರ್ಷ ಎರಡನ್ನೂ ಪಾಲಿಸಿಕೊಂಡು ಬಂದವಳು ನಾನು. ನನ್ನ ಮುಖ ನೋಡಿ ಒಬ್ಬ ಗರ್ಭಿಣಿಯೂ ಏನನ್ನೂ ಓದಲಾರಳು. ದೊಡ್ಡ ಡಾಕ್ಟರಮ್ಮ ಹೊಸಬರಿಗೆ ಪಾಠ ಹೇಳುವಾಗ ನನ್ನ ಕಡೆ ಕೈ ತೋರಿಸಿ, “ಮುಖ ಅಂದ್ರೆ ಹಾಗಿರ್ಬೇಕು, ಗೋಡೆ ಹಾಗೆ” ಎನ್ನುತ್ತಾರೆ. ನನಗೆ ಅದು ಬಿರುದು.

ಇವತ್ತು ಜೊತೆಗಾರ ಟೆಕ್ನಿಶಿಯನ್ ರಜೆ. ಡಾಕ್ಟರಮ್ಮ ಊಟಕ್ಕೆ ಹೋಗಿದ್ದರು. ತಂಗಿಗೆ ಐದನೇ ತಿಂಗಳ ಸ್ಕ್ಯಾನು. ಹೊರಗೆ ಬೆಂಚಿನ ಮೇಲೆ ಕೂತು ಕೂತು ಸಾಕಾಗಿ ಬಾಗಿಲಲ್ಲಿ ಇಣುಕಿ, “ಅಕ್ಕ, ನೀನೇ ಮಾಡೇ, ಬೇಗ ಆಗುತ್ತೆ. ಇವರು ಅಂಗಡಿ ಬಾಗಿಲು ಹಾಕ್ಕೊಂಡು ಬಂದಿದ್ದಾರೆ” ಎಂದಳು. ಇವರು ಎಂದರೆ ಅವಳ ಗಂಡ, ಟೈಲರ್. ನಾನೂ ಆಗಲಿ ಎಂದೆ. ಆಸೆ ನನಗೂ ಇತ್ತಲ್ಲ.

ನಾವು ಯಾವಾಗಲೂ ತಲೆಯಿಂದ ಶುರು ಮಾಡುತ್ತೇವೆ. ತಲೆಯ ಅಡ್ಡಸೀಳು ಪರದೆಯ ಮೇಲೆ ಬಂದಾಗ ಮುಂಭಾಗದಲ್ಲಿ ಒಂದು ಪುಟ್ಟ ಕಪ್ಪು ಪೆಟ್ಟಿಗೆ ಕಾಣಬೇಕು. ಅದು ಕಂಡರೆ ಮಿದುಳಿನ ಎಡ ಬಲಗಳನ್ನು ಜೋಡಿಸುವ ನರಗಳ ಸೇತುವೆ ಕಟ್ಟಿಕೊಂಡಿದೆ ಎಂದು ಅರ್ಥ. ನನಗೆ ಪೆಟ್ಟಿಗೆ ಕಾಣಲಿಲ್ಲ. ಹೊಟ್ಟೆಯ ಮೇಲೆ ಸ್ಕ್ಯಾನಿನ ಹಿಡಿಯನ್ನು ಓರೆ ಮಾಡಿದೆ, ಒತ್ತಿದೆ, ಮೇಲಕ್ಕೆ ಹೋದೆ, ಕೆಳಕ್ಕೆ ಬಂದೆ. ಮಿದುಳಿನೊಳಗಿನ ನೀರಿನ ಕೋಣೆಗಳು ಹಿಂದುಗಡೆ ಉಬ್ಬಿಕೊಂಡಿದ್ದವು. ಪೆಟ್ಟಿಗೆ ಮಾತ್ರ ಇಲ್ಲ.

ಆಗ ನನ್ನ ಬಾಯಿಂದ ಆ ಮಾತು ತಾನಾಗಿ ಬಂತು. “ಮಗು ಸ್ವಲ್ಪ ಬೆನ್ನು ಮಾಡಿ ಮಲಗಿದೆ. ಒಂದು ಹತ್ತು ನಿಮಿಷ ಓಡಾಡಿ ಬಾ.”

ಮಗು ನಿಜಕ್ಕೂ ಬೆನ್ನು ಮಾಡಿದ್ದರೆ ನಾವು ಮಗ್ಗುಲಾಗಿ ಎನ್ನುತ್ತೇವೆ, ಅಷ್ಟೆ. ಓಡಾಡಿ ಬನ್ನಿ ಎಂದು ಕಳಿಸುವುದು ಏನೋ ಎಡವಟ್ಟು ಕಂಡಾಗ, ಡಾಕ್ಟರನ್ನು ಕರೆಸಲು ಹೊತ್ತು ಬೇಕಾದಾಗ. ಹೊರಗಿನವರಿಗೆ ಇದು ತಿಳಿಯುವುದಿಲ್ಲ. ಆದರೆ ನಾನು ಈ ಉಪಾಯದ ಬಗ್ಗೆ ಮನೆಯಲ್ಲಿ ಊಟಕ್ಕೆ ಕೂತಾಗ ಎಷ್ಟು ಸಲ ಜಂಬ ಕೊಚ್ಚಿಕೊಂಡಿಲ್ಲ! ಮದುವೆಗೆ ಮುಂಚೆ ತಂಗಿ ನನ್ನ ಎದುರಿಗೇ ಕೂತು ಅದನ್ನೆಲ್ಲ ಕೇಳಿ ನಕ್ಕವಳು.

ಅವಳು ಏಳಲಿಲ್ಲ. ಮಲಗಿದ್ದಲ್ಲಿಂದಲೇ ನನ್ನ ಮುಖ ನೋಡಿದಳು. “ಅಕ್ಕ, ಈ ಮಾತು ನೀನು ಯಾರಿಗೆ ಹೇಳ್ತೀಯ ಅಂತ ನಂಗೊತ್ತು” ಎಂದಳು.

ಮಾತು ಆಡಿದರೆ ಹೋಯ್ತು. ಅವಳು ಸೀರೆ ಸರಿಮಾಡಿಕೊಂಡು ಎದ್ದು ಹೋದಳು. ಜೆಲ್ ಕೂಡ ಒರೆಸಿಕೊಳ್ಳಲಿಲ್ಲ.

ಫೆಬ್ರವರಿ 10

ಫೋನು ಎತ್ತುತ್ತಿಲ್ಲ. ಅಮ್ಮನ ಫೋನಿನಿಂದ ಮಾಡಿದೆ, ಎತ್ತಿದಳು, ನನ್ನ ದನಿ ಕೇಳಿ ಇಟ್ಟಳು. ಸರಿ, ಇಡಲಿ.

ಫೆಬ್ರವರಿ 12, ಗುರುವಾರ

ಡಾಕ್ಟರಮ್ಮ ಖುದ್ದು ಸ್ಕ್ಯಾನ್ ಮಾಡಿದರು. ನಾನು ಕಂಡದ್ದನ್ನೇ ಕಂಡರು. ನನ್ನ ಕಣ್ಣು ತಪ್ಪಲಿಲ್ಲವಲ್ಲ ಎಂದು ಒಂದು ಕ್ಷಣ ಹಿಗ್ಗಿದೆ. ಎಂಥ ಹಿಗ್ಗು ಅದು, ಬೆಂಕಿ ಬೀಳ.

ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ವಿವರಿಸಿದರು. ಮಿದುಳಿಗೆ ಎರಡು ಭಾಗ, ನಡುವೆ ಸೇತುವೆ. ಮೂರನೇ ತಿಂಗಳಿಂದ ಐದನೇ ತಿಂಗಳೊಳಗೆ ಆ ಕಡೆಯ ನರ ಈ ಕಡೆಗೆ, ಈ ಕಡೆಯದು ಆ ಕಡೆಗೆ ದಾಟಿ ಅದು ಕಟ್ಟಿಕೊಳ್ಳಬೇಕು. ಇಲ್ಲಿ ದಾಟಿಲ್ಲ.

ಟೈಲರ್ ಕೇಳಿದರು, “ಅಂದ್ರೆ ಮೇಡಂ, ಎರಡು ತುಂಡು ಕತ್ತರಿಸಿ ಆಯ್ತು, ನಡುವೆ ಹೊಲಿಗೆ ಬಿಟ್ಟುಹೋಯ್ತು. ಹಾಗಾ?”

“ಹೆಚ್ಚು ಕಮ್ಮಿ ಹಾಗೇ.”

“ಆಮೇಲೆ ಹಾಕೋಕಾಗಲ್ವಾ?”

“ಇಲ್ಲಪ್ಪ. ಅದರ ಹೊತ್ತು ಮುಗೀತು.”

“ನಾನೇನು ತಪ್ಪು ಮಾಡ್ದೆ ಮೇಡಂ?” ಎಂದಳು ತಂಗಿ. ಡಾಕ್ಟರಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ನೀವು ಏನೂ ಮಾಡಿಲ್ಲ. ಮಿದುಳು ಶುರುವಾಗೋದು ಒಂದು ಹಾಳೆಯಿಂದ. ಅದು ಮಡಿಚಿಕೊಂಡು ಕೊಳವೆ ಆಗೋ ಹೊತ್ತಿಗೆ ನೀವು ಬಸುರಿ ಅಂತ ನಿಮಗೇ ಗೊತ್ತಿರಲ್ಲ. ಅಲ್ಲಿಂದ ಮುಂದೆ ದಿನಾ ಸಾವಿರ ಕೆಲಸ ನಡೀತಾ ಇರುತ್ತೆ. ಎಲ್ಲಿ ದಾರಿ ತಪ್ತು ಅಂತ ಎಷ್ಟೋ ಸಲ ನಮಗೂ ಗೊತ್ತಾಗಲ್ಲ.” ಸೇತುವೆ ಒಂದೇ ಇಲ್ಲದಿದ್ದರೆ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತವೆ, ಬೇರೆ ಏನಾದರೂ ಸೇರಿಕೊಂಡಿದ್ದರೆ ಕಷ್ಟ, ಎಂ.ಆರ್.ಐ. ಮಾಡಿಸೋಣ ಎಂದರು.

ಹೊರಗೆ ಬಂದಮೇಲೆ ತಂಗಿ ಗಂಡನ ತೋಳು ಹಿಡಿದು ನಡೆದಳು. ನಾನು ಹಿಂದೆ ನಡೆದೆ.

ಫೆಬ್ರವರಿ 15, ಭಾನುವಾರ

ಎಲ್ಲರೂ ಅಮ್ಮನ ಮನೆಯಲ್ಲಿ, ಎಂದರೆ ನಮ್ಮ ಮನೆಯಲ್ಲಿ ಸೇರಿದ್ದೆವು. ಅಮ್ಮ ಮೊದಲು ಹೊಲಿಗೆ ಮೆಷಿನ್ನಿನ ಮೇಲೆ ತಪ್ಪು ಹೊರಿಸಿದಳು. “ಬಸುರಿ ಹೆಂಗಸು ಇಡೀ ದಿನ ಅದನ್ನ ತುಳೀತಾ ಕೂತ್ರೆ ಇನ್ನೇನಾಗುತ್ತೆ?” ಟೈಲರ್ ಪಾಪ ತಲೆ ತಗ್ಗಿಸಿದರು. ಡಾಕ್ಟರಮ್ಮ ಹೇಳಿದ್ದನ್ನು ನಾನು ಹೇಳಿದೆ. ಅಮ್ಮ ಒಪ್ಪಲಿಲ್ಲ. ಯಾರ ಮೇಲೂ ತಪ್ಪು ಹೊರಿಸದೆ ದುಃಖಪಡುವುದು ಅವಳಿಗೆ ಅಭ್ಯಾಸವಿಲ್ಲ.

ಟೈಲರ್ ಜೇಬಿನಿಂದ ಏನೋ ತೆಗೆದು ಮತ್ತೆ ಒಳಗಿಟ್ಟುಕೊಂಡರು. ನಾನು ನೋಡಿಬಿಟ್ಟೆ. ಹಳದಿ ಬಟ್ಟೆಯ ಪುಟ್ಟ ಟೋಪಿ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಗಾದೆ ಇರುವುದೇ ಇಂಥವರಿಗೆ. ಸಾಲದ್ದಕ್ಕೆ ಹೆಸರು ಬೇರೆ ಇಟ್ಟಿದ್ದಾರೆ. ಮೊದಲ ಸ್ಕ್ಯಾನಿನಲ್ಲಿ “ಒಂದು ಕಾಳಿನಷ್ಟಿದೆ” ಎಂದು ಯಾರೋ ಹೇಳಿದರಂತೆ, ಅಂದಿನಿಂದ ಅದು ಕಾಳು. ಕಾಳು ಒದ್ದಿತು, ಕಾಳು ಮಲಗಿತು. ಹುಟ್ಟದೆ ಇರುವುದಕ್ಕೆ ಹೆಸರಿಡಬಾರದು. ನಾನು ಎಷ್ಟೋ ಜನರನ್ನು ನೋಡಿದ್ದೇನೆ, ಹೆಸರಿಟ್ಟವರಿಗೆ ಸಂಕಟ ಹೆಚ್ಚು.

ಯಾರಾದರೂ ಹೇಳಲೇಬೇಕಿತ್ತು, ನಾನೇ ಹೇಳಿದೆ. “ನೋಡು, ನಿನಗಿನ್ನೂ ಚಿಕ್ಕ ವಯಸ್ಸು. ಇದನ್ನ ತೆಗೆಸಿಬಿಡು. ಮುಂದಿನ ವರ್ಷ ಇನ್ನೊಂದಾಗುತ್ತೆ. ಇಂಥ ಕೇಸು ನಾನು ಬೇಕಾದಷ್ಟು ನೋಡಿದ್ದೀನಿ.”

ತಂಗಿ ತಟ್ಟೆ ಬದಿಗಿಟ್ಟಳು. “ಏನು ನೋಡಿದ್ದೀಯ ಅಕ್ಕ? ಚಿತ್ರ ನೋಡಿದ್ದೀಯ. ನೀನು ಓಡಾಡಿ ಬನ್ನಿ ಅಂತ ಕಳಿಸಿದೆಯಲ್ಲ, ಅವರ ಒಂದು ಮಗು ಆಮೇಲೆ ಏನಾಯ್ತು ಅಂತ ನಿಂಗೊತ್ತಾ? ಒಂದು?”

ಹಾಲು ಉಕ್ಕಿತೇನೋ ನೋಡಿ ಬರುತ್ತೇನೆ ಎಂದು ಎದ್ದೆ. ಒಲೆಯ ಮೇಲೆ ಹಾಲೇ ಇರಲಿಲ್ಲ.

ಫೆಬ್ರವರಿ 17

ಎಂ.ಆರ್.ಐ. ಆಯಿತು. ನಾನು ಹೊರಗೆ ಕೂತಿದ್ದೆ. ಅವಳು ಒಳಗೆ ಹೋಗುವಾಗ ತನ್ನ ಬಳೆ, ಸರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಎಂಟು ದಿನದಲ್ಲಿ ಅವಳು ನನಗೆ ಕೊಟ್ಟದ್ದು ಅಷ್ಟೇ.

ಮಧ್ಯಾಹ್ನ ಕ್ಯೂ ಬೆಳೆದು ಮೆಟ್ಟಿಲಿನತನಕ ಹೋಗಿತ್ತು. ಡಾಕ್ಟರಮ್ಮ ಬಂದು, “ಏನಮ್ಮಾ, ಒಬ್ಬೊಬ್ಬರಿಗೆ ಇಷ್ಟೊಂದು ಹೊತ್ತು?” ಎಂದರು. ಯಂತ್ರ ಬಿಸಿಯಾಗುತ್ತಿದೆ, ಸರ್ವಿಸ್‌ನವರನ್ನು ಕರೆಸಬೇಕು ಎಂದೆ. ನಿಜ, ಅದರ ಫ್ಯಾನು ಈಚೆಗೆ ಸದ್ದು ಮಾಡುತ್ತಿದೆ.

ಫೆಬ್ರವರಿ 20, ಶುಕ್ರವಾರ

ವರದಿ ಬಂತು. ಸೇತುವೆ ಇಲ್ಲದಿರುವುದಷ್ಟೇ ಅಲ್ಲ.

ಮಿದುಳಿನ ನರಕೋಶಗಳು ಹುಟ್ಟುವುದು ಒಳಗೆ, ನೀರಿನ ಕೋಣೆಗಳ ಅಂಚಿನಲ್ಲಿ. ಅಲ್ಲಿಂದ ಒಂದೊಂದೂ ಹೊರಗಿನ ಪದರದತನಕ ಹತ್ತಿಕೊಂಡು ಹೋಗಿ ತನ್ನ ಜಾಗ ಹಿಡಿಯಬೇಕು. ಇಲ್ಲಿ ಒಂದು ಪಾಲು ಹತ್ತಲೇ ಇಲ್ಲ. ಹುಟ್ಟಿದಲ್ಲೇ ಗುಂಪುಗುಂಪಾಗಿ ಉಳಿದುಬಿಟ್ಟಿವೆ, ಎರಡೂ ಕಡೆ. ಡಾಕ್ಟರಮ್ಮ ಪೆನ್ನಿನ ತುದಿಯಿಂದ ತೋರಿಸಿದರು. ಈ ತಿಂಗಳಲ್ಲಿ ಯಾರ ಮಿದುಳಾದರೂ ನುಣ್ಣಗೇ ಇರುತ್ತದೆ, ಮಡಿಕೆಗಳು ಬೀಳುವುದು ಮುಂದೆ. ಇದಕ್ಕೆ ಹೇಗೆ ಬೀಳುತ್ತವೋ ಹೇಳಲಾಗದು. ಫಿಟ್ಸ್ ಬರುವ ಸಂಭವ ತುಂಬಾ ಹೆಚ್ಚು. ಕೂರುವುದು, ನಡೆಯುವುದು, ಮಾತು, ಎಲ್ಲದರ ಮೇಲೂ ಪ್ರಶ್ನೆ.

“ಸಂಭವ ಅಂದ್ರಿ. ಖಂಡಿತ ಅನ್ನಲಿಲ್ಲ” ಎಂದಳು ತಂಗಿ.

“ಖಂಡಿತ ಅನ್ನೋ ಮಾತು ನನ್ನ ಹತ್ರ ಇಲ್ಲಮ್ಮ.”

ಆಸ್ಪತ್ರೆಯ ಸಮಿತಿ ಮುಂದಿನ ಶುಕ್ರವಾರ ಸೇರುತ್ತದೆ. ಇಟ್ಟುಕೊಳ್ಳುವುದೋ ಬೇಡವೋ ಅಷ್ಟರೊಳಗೆ ಇವರು ಹೇಳಬೇಕು. ಅದಾದಮೇಲೆ ಕಾನೂನು ಬಿಗಿಯಾಗುತ್ತದೆ.

ತಂಗಿ ನನ್ನ ಕಡೆ ತಿರುಗಿ, “ಏನು, ಈಗಲೂ ಅದೇ ಹೇಳ್ತೀಯಲ್ಲ?” ಎಂದಳು. ಹೌದು ಎನ್ನಬೇಕಿತ್ತು. ಈಗಂತೂ ಅನುಮಾನಕ್ಕೆ ಎಡೆಯೇ ಇಲ್ಲ. ನೀರು ಕುಡಿಯಲು ಹೋದೆ. ವಾಪಸ್ ಬರುವಷ್ಟರಲ್ಲಿ ಇಬ್ಬರೂ ಹೊರಟುಹೋಗಿದ್ದರು.

ಫೆಬ್ರವರಿ 23, ಸೋಮವಾರ

ನಮ್ಮ ಕೋಣೆಯಿಂದ ಎರಡು ಮಹಡಿ ಕೆಳಗೆ ಮಕ್ಕಳ ವ್ಯಾಯಾಮದ ವಿಭಾಗ ಇದೆ. ಹುಟ್ಟಿನಿಂದ ಮಿದುಳಿನ ತೊಂದರೆ ಇರುವ ಮಕ್ಕಳು ಬರುವುದು ಅಲ್ಲಿಗೆ. ಲಿಫ್ಟಿನಲ್ಲಿ ದಿನಾ ಆ ಗುಂಡಿಯನ್ನು ದಾಟಿ ಹೋಗುತ್ತೇನೆ, ಒಮ್ಮೆಯೂ ಒತ್ತಿರಲಿಲ್ಲ. ಇವತ್ತು ತಂಗಿಯನ್ನು ಕರೆದುಕೊಂಡು ಹೋದೆ. ಕರೆದದ್ದು ನಾನೇ. ಅಲ್ಲಿನ ವ್ಯಾಯಾಮದ ಮೇಡಂ ಇಬ್ಬರು ತಾಯಂದಿರ ಒಪ್ಪಿಗೆ ಕೇಳಿಟ್ಟಿದ್ದರು.

ಮೊದಲನೆಯದು ಆರು ವರ್ಷದ ಹುಡುಗಿ. ಸೇತುವೆ ಇಲ್ಲ, ಬೇರೆ ತೊಂದರೆ ಇಲ್ಲ. ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಒಂದು ಕೈ ಹಿಡಿಯಬೇಕು, ಇನ್ನೊಂದು ತಿರುಗಿಸಬೇಕು, ಎರಡಕ್ಕೂ ಮಾತುಕತೆಯೇ ಇಲ್ಲದವರ ಹಾಗೆ ಎರಡೂ ಹಿಡಿದುಕೊಳ್ಳುತ್ತಿದ್ದವು. ಕೊನೆಗೆ ಡಬ್ಬಿಯನ್ನು ತೊಡೆಯ ಸಂದಿಯಲ್ಲಿಟ್ಟುಕೊಂಡು ತೆಗೆದಳು. ಭಲೇ ಕಿಲಾಡಿ. “ನಿಮ್ಮ ಮೂಗು ಯಾಕೆ ದಪ್ಪ?” ಎಂದು ನನ್ನನ್ನು ಕೇಳಿದಳು. “ದಿನಾ ಎಲ್ಲ ಕಡೆ ತೂರಿಸ್ತೀನಲ್ಲ, ಅದಕ್ಕೆ” ಎಂದೆ. ಅವಳು ನಗಲಿಲ್ಲ, ಯಾವ ಕಡೆ ಎಂದು ಗಂಭೀರವಾಗಿ ವಿಚಾರಿಸಿದಳು. ನಗೆಚಾಟಿಕೆ ಅವಳಿಗೆ ಅಷ್ಟು ಬೇಗ ತಿಳಿಯುವುದಿಲ್ಲವಂತೆ. ತಿಳಿಯದಿದ್ದರೆ ಏನಂತೆ, ನಮ್ಮ ಅಮ್ಮನಿಗೂ ತಿಳಿಯುವುದಿಲ್ಲ.

ಎರಡನೆಯದು ನಾಲ್ಕು ವರ್ಷದ ಗಂಡು ಮಗು. ವರದಿ ನಮ್ಮದರ ಹಾಗೇ, ಸೇತುವೆಯೂ ಇಲ್ಲ, ಹತ್ತದೆ ಉಳಿದ ಕೋಶಗಳೂ ಇವೆ. ಕತ್ತು ನಿಂತಿಲ್ಲ. ಅದರ ತಾಯಿ ನಾವು ಇದ್ದಷ್ಟು ಹೊತ್ತೂ ಕೂರಲಿಲ್ಲ. ಜೊಲ್ಲು ಒರೆಸುವುದು, ಮಗ್ಗುಲು ಬದಲಿಸುವುದು, ತಲೆ ಎತ್ತಿ ಹಿಡಿಯುವುದು. ನಾವು ನೋಡುತ್ತಿದ್ದಾಗಲೇ ಫಿಟ್ಸ್ ಬಂತು. ತಾಯಿ ಗಾಬರಿಯಾಗಲಿಲ್ಲ, ಮಗ್ಗುಲಿಗೆ ಮಲಗಿಸಿ ಕೈ ಹಿಡಿದುಕೊಂಡಳು. ಮುಗಿದಮೇಲೆ ತಂಗಿಗೆ ಹೇಳಿದಳು, “ಇವನು ಅಂದ್ರೆ ನಂಗೆ ಜೀವ. ಆದ್ರೆ ನೀವೇನು ಮಾಡ್ಬೇಕು ಅಂತ ಮಾತ್ರ ನನ್ನ ಕೇಳ್ಬೇಡಿ.”

ತಂಗಿ ಆ ಮಗುವಿನ ಕಾಲು ಮುಟ್ಟಿ ಬಂದಳು. ದಾರಿಯಲ್ಲಿ ನಾನೇ ಮಾತು ತೆಗೆದು, ಆ ಹುಡುಗಿ ಎಷ್ಟು ಚೂಟಿ ನೋಡಿದೆಯಾ ಎಂದೆ.

ಫೆಬ್ರವರಿ 24

ಕೆಳಮನೆ ಖಾಲಿಯಾಗುತ್ತದಂತೆ. ಮನೆ ಮಾಲೀಕರು ಸಿಕ್ಕಾಗ ಸುಮ್ಮನೆ ಕೇಳಿಟ್ಟೆ. ಅಮ್ಮನಿಗೆ ಮಂಡಿ ನೋವು, ಮೆಟ್ಟಿಲು ಹತ್ತುವುದು ಕಷ್ಟ. ಬಾಗಿಲು ಎಷ್ಟು ಅಗಲ ಎಂದೂ ಕೇಳಿದೆ, ಅವರು ವಿಚಿತ್ರವಾಗಿ ನೋಡಿದರು. ಗಾಲಿಕುರ್ಚಿ ಹಿಡಿಸುವಷ್ಟಿದೆ.

ಇವತ್ತೂ ಕ್ಯೂ. ಒಬ್ಬಳ ಮಗು ಆಕಳಿಸಿತು, ಪರದೆ ಅವಳ ಕಡೆ ತಿರುಗಿಸಿ ತೋರಿಸಿದೆ. ಇನ್ನೊಬ್ಬಳದು ಕಾಲಿನ ಹೆಬ್ಬೆರಳು ಹಿಡಿದುಕೊಂಡಿತ್ತು. ಸರ್ವಿಸ್‌ನವನು ಬಂದು ಯಂತ್ರ ಬಿಚ್ಚಿ ನೋಡಿ, “ಇದಕ್ಕೇನೂ ಆಗಿಲ್ಲ ಮೇಡಂ” ಎಂದು ಹೋದ. ಅವನಿಗೇನು ಗೊತ್ತು.

ಫೆಬ್ರವರಿ 25, ಬುಧವಾರ

ಸಂಜೆ ಎಲ್ಲರೂ ಹೋದಮೇಲೆ ತಂಗಿ ಒಬ್ಬಳೇ ಬಂದಳು. ಡಾಕ್ಟರಮ್ಮನ ಅನುಮತಿ ಕೇಳಿಕೊಂಡೇ ಬಂದಿದ್ದಳು. ಹಾಸಿಗೆ ಹತ್ತಿ ಮಲಗಿದಳು. “ಇವತ್ತು ನೀನು ಏನು ನೋಡ್ತೀಯೋ ಅದನ್ನ ನಂಗೂ ಹೇಳು. ಒಂದೂ ಬಿಡಬೇಡ. ಸುಳ್ಳು ಬೇಡ” ಎಂದಳು.

ತಲೆಯಿಂದ ಶುರು ಮಾಡಿದೆ. ಪೆಟ್ಟಿಗೆ ಇಲ್ಲಿರಬೇಕಿತ್ತು, ಇಲ್ಲ. ಇವು ನೀರಿನ ಕೋಣೆಗಳು, ಹಿಂದೆ ಉಬ್ಬಿವೆ. ಅಂಚು ನೋಡು, ನುಣ್ಣಗಿರಬೇಕಿತ್ತು, ಉಬ್ಬುತಗ್ಗಾಗಿದೆ, ಹತ್ತದೆ ಉಳಿದವು ಅಲ್ಲೇ. ಇದು ಕಣ್ಣು. ಇದು ತುಟಿ, ಸೀಳಿಲ್ಲ. ಹೃದಯದ ನಾಲ್ಕು ಕೋಣೆಗಳೂ ಸರಿಯಾಗಿವೆ. ಬೆನ್ನುಮೂಳೆ ಮಣಿ ಪೋಣಿಸಿದ ಹಾಗಿದೆ. ಕಾಳು ಎಡಗೈಯನ್ನು ಬಾಯಿಯ ಹತ್ತಿರ ಒಯ್ದು ಹೆಬ್ಬೆರಳು ಹುಡುಕುತ್ತಿತ್ತು, ಸಿಗದೆ ಕೆನ್ನೆಗೆ ಗುದ್ದಿಕೊಂಡಿತು. ಮತ್ತೆ ಹುಡುಕಿತು, ಸಿಕ್ಕಿತು. ಸಿಕ್ಕಿಬಿಡ್ತು ನೋಡೇ ಎಂದು ಕೂಗಿಬಿಟ್ಟೆ.

ತಂಗಿ ಕೇಳಿದಳು, “ಅಕ್ಕ, ಇದಕ್ಕೆ ನಾನು ಅಮ್ಮ ಅಂತ ಗೊತ್ತಾಗುತ್ತಾ?”

“ಗೊತ್ತಿಲ್ಲ.”

“ನೋವು ಜಾಸ್ತಿ ಪಡುತ್ತಾ?”

“ಗೊತ್ತಿಲ್ಲ ಕಣೇ. ನಂಗೆ ನಿಜವಾಗ್ಲೂ ಗೊತ್ತಿಲ್ಲ.”

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. ಮನೆಗೆ ಬಂದು ಎರಡು ಸಲ ಉಂಡೆ, ಅಷ್ಟು ಹಸಿವು. ಅವಳು ಇಟ್ಟುಕೊಳ್ಳುತ್ತಾಳೆ, ನನಗೆ ಗೊತ್ತು.

ಫೆಬ್ರವರಿ 26

ಇಟ್ಟುಕೊಳ್ಳುವುದಿಲ್ಲವಂತೆ.

ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತುಕೊಂಡೇ ಹೇಳಿದಳು. ಟೈಲರ್ ಬಾಗಿಲ ಹತ್ತಿರ ನಿಂತಿದ್ದರು, ಅವರ ಕಣ್ಣು ಊದಿಕೊಂಡಿತ್ತು. ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ. ಎಲ್ಲರಿಗೂ ಹಾಗೇ ಆಗುವುದಿಲ್ಲ, ಫಿಟ್ಸಿಗೆ ಮಾತ್ರೆಗಳಿವೆ, ಕೆಳಮನೆ ಖಾಲಿಯಾಗುತ್ತಿದೆ, ಬಾಗಿಲು ಅಗಲವಿದೆ, ನನಗೆ ಮಧ್ಯಾಹ್ನದ ಪಾಳಿ ಕೊಡುತ್ತಾರೆ, ಬೆಳಿಗ್ಗೆಯೆಲ್ಲ ನಾನು ನೋಡಿಕೊಳ್ಳುತ್ತೇನೆ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅಮ್ಮ ನನ್ನನ್ನೇ ನೋಡುತ್ತಾ ಕೂತಿದ್ದಳು.

“ತೆಗೆಸು ಅಂದವಳು ನೀನೇ ಅಲ್ವಾ ಅಕ್ಕ?”

“ಅಂದಿದ್ದೆ. ಸರಿಯಾಗೇ ಅಂದಿದ್ದೆ. ಆದ್ರೆ...”

ಅವಳು ನಿಧಾನವಾಗಿ ಹೇಳಿದಳು. “ಅವತ್ತು ಆ ಮಗುಗೆ ಫಿಟ್ಸ್ ಬಂತಲ್ಲ, ನೀವೆಲ್ಲ ಅದರ ಕೈಕಾಲು ನೋಡ್ತಿದ್ರಿ. ನಾನು ಕಣ್ಣು ನೋಡ್ತಿದ್ದೆ. ಅದಕ್ಕೆ ಭಯ ಆಗ್ತಿತ್ತು. ಏನಾಗ್ತಿದೆ ಅಂತ ತಿಳೀದೆ ಭಯ. ಅವರಮ್ಮನ ಕಷ್ಟಕ್ಕೆ ನಾನು ಹೆದರಿಲ್ಲ, ನಾನೂ ಎತ್ಕೊಂಡು ತಿರುಗ್ತೀನಿ. ಆದ್ರೆ ನಂಗೆ ಬೇಕು ಅಂತ ದಿನಾ ಅದನ್ನ ಹಾಗೆ ಹೆದರಿಸ್ಲಾ? ಆಗೇ ಆಗುತ್ತೆ ಅಂತ ಯಾರೂ ಹೇಳಿಲ್ಲ, ಸರಿ. ಆಗಲ್ಲ ಅಂತ ನೀನು ಹೇಳು. ಹೇಳಿದ್ರೆ ಇಟ್ಕೋತೀನಿ.”

ಆ ಮಾತು ನನ್ನ ಬಾಯಲ್ಲಿತ್ತು. ಆಗಲ್ಲ ಎಂದುಬಿಟ್ಟಿದ್ದರೆ ಮುಗಿದಿತ್ತು. ಅವಳು ನಂಬುತ್ತಿದ್ದಳು.

“ಹೇಳೋಕಾಗಲ್ಲ” ಎಂದೆ.

“ನಂಗೊತ್ತು” ಎಂದಳು.

ಇಟ್ಟುಕೊಂಡಿದ್ದರೂ ತಪ್ಪಲ್ಲ, ಬೇಡವೆಂದದ್ದೂ ತಪ್ಪಲ್ಲ. ಎರಡೂ ತಪ್ಪಲ್ಲದಿದ್ದರೆ ಇಷ್ಟು ಯಾಕೆ ಉರಿಯಬೇಕು? ದೇವರ ಮೇಲೆ ಸಿಟ್ಟು ಬಂತು, ಅಮ್ಮನ ಮೇಲೆ ಬಂತು, ಆ ಮೆಟ್ಟಿಲಿನ ಮೇಲೂ ಬಂತು. ಮನೆ ಮಾಲೀಕರಿಗೆ ಬೇಡವೆಂದು ಹೇಳಬೇಕು.

ಮಾರ್ಚ್ 2, ಸೋಮವಾರ

ಸಮಿತಿ ಒಪ್ಪಿತು. ಇವತ್ತು ಬೆಳಿಗ್ಗೆ ಅವಳನ್ನು ಸೇರಿಸಿಕೊಂಡರು.

ಶುರು ಮಾಡುವ ಮೊದಲು ಕಡೆಯದಾಗಿ ಒಂದು ಸ್ಕ್ಯಾನ್ ಆಗಬೇಕು. ಜೊತೆಗಾರ ಟೆಕ್ನಿಶಿಯನ್ ಮಾಡುತ್ತೇನೆಂದು ಮುಂದೆ ಬಂದ. ತಂಗಿ ಬೇಡ, ಅಕ್ಕ ಮಾಡಲಿ ಎಂದಳು. ಡಾಕ್ಟರಮ್ಮ ನನ್ನ ಮುಖವನ್ನೊಮ್ಮೆ ನೋಡಿ, “ಆಗುತ್ತೇನಮ್ಮಾ?” ಎಂದರು. ಯಾಕಾಗಲ್ಲ ಎಂದೆ. ಹದಿನೆಂಟು ವರ್ಷದಿಂದ ಮಾಡುತ್ತಿರುವ ಕೆಲಸ. ಅವರು ಪಕ್ಕದಲ್ಲೇ ನಿಂತರು. ಟೈಲರ್ ಬಾಗಿಲಿನ ಹೊರಗೆ ಉಳಿದರು, ಒಳಗೆ ಬರಲು ಅವರಿಂದಾಗಲಿಲ್ಲ.

ಜೆಲ್ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಬೆಚ್ಚಗೆ ಮಾಡಿದ್ದೆ. ಪರದೆಯನ್ನು ನನ್ನ ಕಡೆಗಷ್ಟೇ ತಿರುಗಿಸಿಕೊಂಡೆ. ಕಾಳು ಎಚ್ಚರವಾಗಿತ್ತು. ಕಾಲು ಚಾಚಿ ಗೋಡೆಗೆ ಒತ್ತಿ, ಹಿಂದಕ್ಕೆ ತೇಲಿ, ಮತ್ತೆ ಒತ್ತಿ ಆಡುತ್ತಿತ್ತು. ಅಳತೆ ತೆಗೆದುಕೊಂಡೆ. ಎದೆಬಡಿತ ಗುರುತು ಹಾಕಿಕೊಂಡೆ, ಶಬ್ದ ಹಾಕಲಿಲ್ಲ.

“ಅಕ್ಕ, ಈಗ ಏನು ಮಾಡ್ತಿದೆ?” ಎಂದಳು ತಂಗಿ. ಅವಳು ಸೂರಿನ ಕಡೆ ನೋಡುತ್ತಿದ್ದಳು.

“ಮಲಗಿದೆ” ಎಂದೆ. “ಚೆನ್ನಾಗಿ ನಿದ್ದೆ ಮಾಡ್ತಿದೆ.”

ಅವಳು ತಲೆ ಹೊರಳಿಸಿ ನನ್ನ ಮುಖ ನೋಡಿದಳು. ಒಳಗಿನಿಂದ ಒದೆಯುತ್ತಿರುವುದು ಅವಳಿಗೆ ತಿಳಿಯದೆ ಇರುತ್ತದೆಯೇ? ಹೊಟ್ಟೆಯ ಮೇಲಿನ ಜೆಲ್ ಒರೆಸಿಕೊಳ್ಳಲೆಂದು ಕಾಗದದ ಕರವಸ್ತ್ರ ಕೊಟ್ಟೆ. ಅದನ್ನು ತಿರುಗಿ ನನ್ನ ಕೈಗೇ ಇಟ್ಟು, “ಮೊದಲು ನೀನು ಒರೆಸ್ಕೋ” ಎಂದಳು.